ಎರಡು ಸಲ ಸತ್ತು ಮೂರು ಸಲ ಹುಟ್ಟಿದ ಕಡತ

ದೆಹಲಿಯಲ್ಲಿ ಪ್ರಧಾನಿ ಬದಲಾದರೆ ಗೋಡೆಯ ಮೇಲಿನ ಭಾವಚಿತ್ರ ಬದಲಾಗುತ್ತದೆ, ಆಪ್ತ ಕಾರ್ಯದರ್ಶಿಗಳು ಬದಲಾಗುತ್ತಾರೆ, ಭ್ರಷ್ಟರು ಯಾರು ಎಂಬ ಪಟ್ಟಿಯೂ ಬದಲಾಗುತ್ತದೆ. ಪಟ್ಟಿಗೆ ಸಹಿ ಬೀಳುವ ಮೊದಲು ಯಾರನ್ನು ಕೇಳಬೇಕೋ ಅವರು ಮಾತ್ರ ಅಲ್ಲೇ ಇರುತ್ತಾರೆ. ಅವರೇ ಪೂರ್ವಾನುಮತಿ ರಾಯರು. ಸರಕಾರಿ ಅಧಿಕಾರಿಯ ಮೇಲೆ ಲಂಚದ ತನಿಖೆ ಶುರು ಮಾಡುವ ಮುಂಚೆ ಸರಕಾರದ ಒಪ್ಪಿಗೆ ಬೇಕು ಎನ್ನುವ ಕಡತ ಅದು.

ವರದಿಗಾರ್ತಿ ಅವರನ್ನು ಕಂಡಾಗ ರಾಯರು ರಟ್ಟಿನ ಪೆಟ್ಟಿಗೆಯಿಂದ ಆಗಷ್ಟೇ ಹೊರಬಂದಿದ್ದರು. ಸಿಬ್ಬಂದಿ ಇಲಾಖೆ 2025ರಲ್ಲಿ ನಾರ್ತ್ ಬ್ಲಾಕ್ ಬಿಟ್ಟು ಹೊಸ ಕರ್ತವ್ಯ ಭವನಕ್ಕೆ ಮನೆ ಬದಲಾಯಿಸಿದ್ದರಿಂದ ಸಾಮಾನು ಇನ್ನೂ ಪೂರ್ತಿ ಜೋಡಿಸಿರಲಿಲ್ಲ. ಮೈತುಂಬ ಷರಾಗಳು: ‘ಚರ್ಚಿಸಿ’, ‘ಪರಿಶೀಲಿಸಿ ಮಂಡಿಸಿ’, ‘ಮತ್ತೆ ಚರ್ಚಿಸಿ’. ದೆಹಲಿಯ ಕಡತಕ್ಕೆ ಇಷ್ಟು ಚೊಕ್ಕ ಕನ್ನಡ ಹೇಗೆ ಬಂತೆಂದು ಕೇಳಿದರೆ, ಕರ್ನಾಟಕ ಕೇಡರಿನ ಎಷ್ಟೋ ಜನರ ಮೇಜಿನ ಮೇಲೆ ತಿಂಗಳುಗಟ್ಟಲೆ ಮಲಗಿದ್ದೇನಮ್ಮಾ, ಕಿವಿಗೆ ಬಿದ್ದದ್ದು ಉಳಿದುಕೊಂಡಿತು ಎಂದರು.

“ಹುಟ್ಟಿದ್ದು ಯಾವಾಗ, ರಾಯರೇ?”

“ಯಾವ ಹುಟ್ಟು? ಮೂರಿವೆ. ಮೊದಲನೆಯದು 1969, ಇಂದಿರಮ್ಮನವರ ಕಾಲ. ಆಗ ನನ್ನ ಹೆಸರು ಸಿಂಗಲ್ ಡೈರೆಕ್ಟಿವ್. ಕಾಯ್ದೆಯಲ್ಲ, ಗೀಯ್ದೆಯಲ್ಲ, ಬರೀ ಸರಕಾರಿ ಸೂಚನೆ. ಜಂಟಿ ಕಾರ್ಯದರ್ಶಿ ಮತ್ತು ಅದಕ್ಕೂ ಮೇಲಿನ ದರ್ಜೆಯವರ ಮೇಲೆ ಸಿಬಿಐ ವಿಚಾರಣೆ ಮಾಡಬೇಕೆಂದರೆ ಮೊದಲು ಸರಕಾರವನ್ನು ಕೇಳಬೇಕು, ಅಷ್ಟೇ. ಅದಕ್ಕೂ ಹಿಂದೆ ನಿಮ್ಮವರೇ ಒಬ್ಬರಿದ್ದರು. ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಿಟ್ಟೂರು ಶ್ರೀನಿವಾಸರಾಯರು. ಶಾಸ್ತ್ರೀಜಿ ಗೃಹಮಂತ್ರಿಯಾಗಿದ್ದಾಗ ನೇಮಿಸಿದ ಸಂತಾನಂ ಸಮಿತಿಯ ಮಾತಿನಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗ ಹುಟ್ಟಿತಲ್ಲ, ಅದರ ಮೊದಲ ಆಯುಕ್ತರು. 1968ರಲ್ಲಿ ಅವರು ಹೋದರು, ಮರುವರ್ಷ ನಾನು ಬಂದೆ. ಒಂದಕ್ಕೊಂದು ಸಂಬಂಧವಿದೆ ಎಂದು ಬರೆಯಬೇಡಿ. ಬರೆದರೆ ನಿರಾಕರಿಸುತ್ತೇನೆ.”

ಮನೆತನದ ವಿಚಾರ ಬಂದಾಗ ರಾಯರ ಮುಖ ಅರಳಿತು. ತಾತ ಬ್ರಿಟಿಷರ 1898ರ ದಂಡಪ್ರಕ್ರಿಯಾ ಸಂಹಿತೆಯ 197ನೇ ಕಲಮು. ಅಣ್ಣ 1947ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಹುಟ್ಟಿದ ‘ಮೊಕದ್ದಮೆ ಮಂಜೂರಾತಿ’. ತಾತನಿಗೆ 2024ರ ಜುಲೈಯಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218 ಎಂದು ನಾಮಕರಣವಾಯಿತು, ಜೊತೆಗೆ ಒಂದು ಗಡಿಯಾರವನ್ನೂ ಕಟ್ಟಿದರು. 120 ದಿನದೊಳಗೆ ಸರಕಾರ ಬಾಯಿ ಬಿಡದಿದ್ದರೆ ಮಂಜೂರಾತಿ ಕೊಟ್ಟಂತೆಯೇ ಲೆಕ್ಕ. “ಮುದುಕರಿಗೆ ಈ ವಯಸ್ಸಿನಲ್ಲಿ ಅವಸರ ಯಾಕೆ ಬೇಕಿತ್ತು?” ಎಂದು ರಾಯರು ನೊಂದುಕೊಂಡರು.

“ಅಣ್ಣ ಇರುವಾಗ ನೀವೇಕೆ?”

“ಅಣ್ಣ ಕಾಯುವುದು ಕೋರ್ಟಿನ ಬಾಗಿಲು. ತನಿಖೆ ಮುಗಿದು, ಸಾಕ್ಷ್ಯ ಸಿಕ್ಕಿ, ಎಲ್ಲವೂ ಪತ್ರಿಕೆಯಲ್ಲಿ ಬಂದ ಮೇಲೆ ಅವನ ಪಾಳಿ. ನನ್ನದು ಠಾಣೆಯ ಬಾಗಿಲು. ನಾನು ಬೇಡವೆಂದರೆ ಸಾಕ್ಷ್ಯವೇ ಹುಟ್ಟುವುದಿಲ್ಲ. ಯಾರಿಗೆ ಮರ್ಯಾದೆ ಹೆಚ್ಚು, ನೀವೇ ಹೇಳಿ.”

ಮೊದಲ ಸಾವಿನ ಕಥೆಯನ್ನು ಅವರು ಹಬ್ಬದ ಊಟದ ವಿವರ ಹೇಳುವವರಂತೆ ನಿಧಾನವಾಗಿ ಬಡಿಸಿದರು. 1991ರ ಸಿಬಿಐ ದಾಳಿಯೊಂದರಲ್ಲಿ ಜೈನ್ ಸಹೋದರರ ಡೈರಿಗಳು ಸಿಕ್ಕವು. ಒಳಗೆ ಹಣದ ಲೆಕ್ಕ, ಪಕ್ಕದಲ್ಲಿ ರಾಜಕಾರಣಿಗಳ, ಅಧಿಕಾರಿಗಳ ಹೆಸರಿನ ಮೊದಲಕ್ಷರಗಳು. ತನಿಖೆ ಅಲ್ಲಾಡಲಿಲ್ಲ. ಪತ್ರಕರ್ತ ವಿನೀತ್ ನಾರಾಯಣ್ 1993ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಬಿದ್ದಾಗ ಪ್ರಧಾನಿ ನರಸಿಂಹರಾವ್, ತೀರ್ಪು ಬಂದಾಗ ಗುಜ್ರಾಲ್. ನಡುವೆ ವಾಜಪೇಯಿಯವರ 13 ದಿನ, ಹಾಸನದ ದೇವೇಗೌಡರ ಹತ್ತು ತಿಂಗಳು. ನಾಲ್ವರಲ್ಲಿ ಯಾರೂ ರಾಯರನ್ನು ಮುಟ್ಟಲಿಲ್ಲ. 1997ರ ಡಿಸೆಂಬರ್ 18ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ಮುಟ್ಟಿತು. ಸಿಂಗಲ್ ಡೈರೆಕ್ಟಿವ್ ರದ್ದಾಯಿತು. ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷದ ಅವಧಿ, ಜಾಗೃತ ಆಯೋಗಕ್ಕೆ ಕಾನೂನಿನ ಬಲ ಎಂದೆಲ್ಲ ತೀರ್ಪಿನಲ್ಲಿ ಬಂತು. ಅಣ್ಣನಿಗೂ ಒಂದು ಏಟು ಬಿತ್ತು. ಮಂಜೂರಾತಿಯನ್ನು ಮೂರು ತಿಂಗಳಲ್ಲಿ ಮುಗಿಸಬೇಕು, ಅಟಾರ್ನಿ ಜನರಲ್ ಸಲಹೆ ಬೇಕಾದರೆ ಇನ್ನೊಂದು ತಿಂಗಳು.

“ಸತ್ತೆನೆಂದು ಎಲ್ಲರೂ ಅಂದುಕೊಂಡರು. ಆದರೆ ತೀರ್ಪಿನಲ್ಲೊಂದು ಸಂದು ಇತ್ತು ನೋಡಿ. ನಾನು ಬರೀ ಸೂಚನೆ, ಕಾಯ್ದೆಯ ಬಲವಿಲ್ಲ ಎಂಬುದು ನನ್ನ ಮೇಲಿದ್ದ ಆಕ್ಷೇಪಗಳಲ್ಲೊಂದು. ಬಲ ತಾನೇ ಬೇಕು? ಕೊಟ್ಟರಾಯಿತು.”

ಕೊಟ್ಟವರು ವಾಜಪೇಯಿ. 1998ರ ಆಗಸ್ಟಿನಲ್ಲಿ ಜಾಗೃತ ಆಯೋಗಕ್ಕೆ ಶಕ್ತಿ ತುಂಬುವ ಸುಗ್ರೀವಾಜ್ಞೆ ಹೊರಟಿತು. ಅದರ ಮಡಿಲಲ್ಲೇ ರಾಯರೂ ಕೂತು ಬಂದರು. ಕೋರ್ಟು ಕಣ್ಣು ಕೆಂಪಗೆ ಮಾಡಿತು, ಅಕ್ಟೋಬರಿನಲ್ಲಿ ಇಳಿಸಿಬಿಟ್ಟರು. 2003ರ ಸೆಪ್ಟೆಂಬರಿನಲ್ಲಿ ಜಾಗೃತ ಆಯೋಗದ ಕಾಯ್ದೆಯೇ ಬಂದಾಗ, ಸಿಬಿಐಗೆ ಆಧಾರವಾದ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯೊಳಗೆ 6ಎ ಎಂಬ ಹೆಸರಿನಿಂದ ಅವರಿಗೆ ಶಾಶ್ವತ ಕೋಣೆ ಸಿಕ್ಕಿತು. ಭ್ರಷ್ಟಾಚಾರದ ವಿರುದ್ಧ ಆಯೋಗಕ್ಕೆ ಬಲ ಕೊಡುವ ಕಾಯ್ದೆ ಅದು ಎಂಬುದನ್ನು ಓದುಗರು ಮರೆಯಬಾರದು.

ವರದಿಗಾರ್ತಿ ಇಲ್ಲಿ ಸ್ವಲ್ಪ ಸಿಟ್ಟಾದಳು. “2004ರಲ್ಲಿ ಸರಕಾರ ಬದಲಾಯಿತಲ್ಲ. ಮನಮೋಹನ್ ಸಿಂಗ್ ಬಂದರು. ಅವರಾದರೂ ನಿಮ್ಮನ್ನು ತೆಗೆಯಬಹುದಿತ್ತು.”

“ತೆಗೆಯುವುದೇ? ಕೋರ್ಟಿನಲ್ಲಿ ನನ್ನ ಪರ ವಾದಿಸಿದರು! ವಿರೋಧ ಪಕ್ಷದಲ್ಲಿದ್ದಾಗ ನಾನು ಭ್ರಷ್ಟರ ಗುರಾಣಿ, ಆಡಳಿತಕ್ಕೆ ಬಂದಾಗ ಪ್ರಾಮಾಣಿಕ ಅಧಿಕಾರಿಯ ರಕ್ಷಾಕವಚ. ನಾನು ಬದಲಾಗುವುದಿಲ್ಲಮ್ಮಾ, ನೋಡುವವರು ಕೂರುವ ಕುರ್ಚಿ ಬದಲಾಗುತ್ತದೆ.”

ಮನಮೋಹನ್ ಸಿಂಗ್ ಆಡಳಿತದ ಕೊನೆಯ ವರ್ಷಗಳು ರಾಯರಿಗೂ ಕಷ್ಟದವೇ. 2013ರ ಮೇಯಲ್ಲಿ ಕಲ್ಲಿದ್ದಲು ಹಗರಣದ ವಿಚಾರಣೆಯ ವೇಳೆ ಸುಪ್ರೀಂ ಕೋರ್ಟು ಸಿಬಿಐಯನ್ನು ಪಂಜರದ ಗಿಳಿ ಎಂದಿತು. ತನಿಖಾ ವರದಿಯ ಕರಡನ್ನು ನೋಡಿ ತಿದ್ದಿಸಿದ ಆರೋಪದ ಮೇಲೆ ಕಾನೂನು ಮಂತ್ರಿ ಅಶ್ವನಿ ಕುಮಾರ್ ಕುರ್ಚಿ ಬಿಟ್ಟರು. ಕೋರ್ಟೇ ಉಸ್ತುವಾರಿ ಮಾಡುವ ಪ್ರಕರಣಗಳಲ್ಲಿ ರಾಯರನ್ನು ಕೇಳಬೇಕಿಲ್ಲ ಎಂದು ಆ ಡಿಸೆಂಬರಿನಲ್ಲಿ ಆದೇಶವಾಯಿತು. 2014ರ ಮೇ 6ರಂದು ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಐವರ ಸಂವಿಧಾನ ಪೀಠ 6ಎಯನ್ನೇ ಅಳಿಸಿತು. ಲೋಕಸಭಾ ಫಲಿತಾಂಶ ಬರಲು ಇನ್ನು ಹತ್ತೇ ದಿನ ಉಳಿದಿತ್ತು.

“ಗಮನಿಸಿ,” ಎಂದರು ರಾಯರು, ತಮ್ಮ ಸಾವಿನ ಅಂಕಿಅಂಶವನ್ನು ತಾವೇ ಕೊಡುತ್ತ. “ಎರಡೂ ಸಲ ಕೊಂದದ್ದು ಕೋರ್ಟು. ಒಂದು ಸಲವೂ ಚುನಾವಣೆಯಲ್ಲ. ಭ್ರಷ್ಟಾಚಾರ ತೊಲಗಿಸುತ್ತೇವೆ ಎಂದು ಗೆದ್ದ ಎಷ್ಟು ಸರಕಾರಗಳನ್ನು ನೋಡಿದ್ದೇನೆ! ಅವರು ಹಿಂದಿನವರನ್ನು ಹಿಡಿಯುತ್ತಾರೆ, ನನ್ನನ್ನು ಮಾತ್ರ ಒರೆಸಿ ಇಡುತ್ತಾರೆ. ಯಾಕೆಂದರೆ ಮುಂದಿನವರು ಬಂದಾಗ ಬೇಕಲ್ಲ.”

ಮೂರನೆಯ ಜನ್ಮದ ಬಗ್ಗೆ ಅವರಿಗೆ ವಿಶೇಷ ಹೆಮ್ಮೆ. ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿ ಮಸೂದೆಯನ್ನು 2013ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದು ಮನಮೋಹನ್ ಸಿಂಗ್ ಸರಕಾರ. 2018ರ ಜುಲೈಯಲ್ಲಿ ಅದನ್ನು ಪಾಸು ಮಾಡಿಸಿದ್ದು ಮೋದಿ ಸರಕಾರ. ಅಷ್ಟರಲ್ಲಿ ಮಸೂದೆಯ ಒಳಗೆ 17ಎ ಸೇರಿತ್ತು. ತೊಟ್ಟಿಲು ಕಾಂಗ್ರೆಸ್ಸಿನದು, ಕೂಸು ಬಿಜೆಪಿಯದು, ಮುಖಲಕ್ಷಣ ಮಾತ್ರ 1969ರದು.

“ಲೋಧಾ ಸಾಹೇಬರು ಏನಂದಿದ್ದರು? ಮೇಲಿನ ದರ್ಜೆಯವರಿಗೆ ಒಂದು ನ್ಯಾಯ, ಕೆಳಗಿನವರಿಗೆ ಇನ್ನೊಂದು ಎಂದರೆ ಸಮಾನತೆಗೆ ಭಂಗ ಎಂದಿದ್ದರು. ಸರಕಾರ ತಲೆಬಾಗಿ ಒಪ್ಪಿತು. ಮೇಲಿನವರ ಕೊಡೆಯನ್ನು ಕಿತ್ತುಕೊಳ್ಳುವ ಬದಲು ಎಲ್ಲರಿಗೂ ಹಿಡಿಯಿತು. ಈಗ ಗುಮಾಸ್ತೆಯಿಂದ ಮಂತ್ರಿಯವರೆಗೆ ಯಾರೇ ಆಗಲಿ, ಕರ್ತವ್ಯದಲ್ಲಿದ್ದಾಗ ಮಾಡಿದ ಶಿಫಾರಸು, ಕೈಗೊಂಡ ತೀರ್ಮಾನದ ಬಗ್ಗೆ ಪೊಲೀಸರು ವಿಚಾರಿಸಬೇಕೆಂದರೆ ನನ್ನ ಹತ್ತಿರ ಬರಬೇಕು. ಸಿಬಿಐ ಮಾತ್ರವಲ್ಲ, ರಾಜ್ಯದ ಪೊಲೀಸರೂ. ಇಂಥ ಸಮಾನತೆ ಎಲ್ಲಿ ಕಂಡಿದ್ದೀರಿ?”

“ಯಾರಿಗೂ ವಿನಾಯಿತಿ ಇಲ್ಲವೇ?”

“ಇದೆ. ಲಂಚ ತೆಗೆದುಕೊಳ್ಳುವಾಗ ಸ್ಥಳದಲ್ಲೇ ಸಿಕ್ಕಿಬಿದ್ದವನಿಗೆ ನಾನಿಲ್ಲ. ಪುಡಿ ಸವರಿದ ನೋಟು ಮುಟ್ಟಿ, ಕೈ ತೊಳೆಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗಿತಲ್ಲ, ಅವನ ಕಥೆ ಅಲ್ಲಿಗೇ ಮುಗಿಯಿತು.”

ಇದರ ಅರ್ಥವನ್ನು ವರದಿಗಾರ್ತಿ ಕಾಗದದ ಮೇಲೆ ಬಿಡಿಸಿ ನೋಡಿದಳು. ಖಾತೆ ಬದಲಾವಣೆಗೆ ಐದು ಸಾವಿರ ಕೇಳಿದ ಗ್ರಾಮಲೆಕ್ಕಿಗನನ್ನು ಇಂದೇ ಹಿಡಿಯಬಹುದು. ಗಣಿಯನ್ನೋ ತರಂಗಗುಚ್ಛವನ್ನೋ ಯಾರಿಗೆ ಕೊಡಬೇಕೆಂದು ಟಿಪ್ಪಣಿ ಬರೆದವರು ನೋಟು ಮುಟ್ಟುವುದೇ ಇಲ್ಲ. ಅವರ ಕೈ ತೊಳೆಸಲು ನೀರು ತರುವ ಮೊದಲು ರಾಯರ ಮುಂದೆ ಅರ್ಜಿ ಇಡಬೇಕು. ಮೂರು ತಿಂಗಳಲ್ಲಿ ಉತ್ತರ ಕೊಡಬೇಕೆಂದು 17ಎ ಹೇಳುತ್ತದೆ, ಕಾರಣ ಬರೆದಿಟ್ಟರೆ ಇನ್ನೊಂದು ತಿಂಗಳು. ವರ್ಮಾ ಪೀಠ ಅಣ್ಣನಿಗೆ ಹಾಕಿದ್ದ ಗಡುವು ತಮ್ಮನ ಮೈಮೇಲೆ ಬಂದಿತ್ತು. ಆದರೆ ತಾತನಿಗೆ ಕಟ್ಟಿದ ಗಡಿಯಾರದ ಗಂಟೆ ಇಲ್ಲಿಲ್ಲ. ಗಡುವು ಮೀರಿದರೆ ಅನುಮತಿ ಕೊಟ್ಟಂತೆ ಎಂದು 17ಎಯಲ್ಲಿ ಎಲ್ಲೂ ಬರೆದಿಲ್ಲ.

ರಾಯರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಬರೀ ಠಕ್ಕರಲ್ಲ. ಕಲ್ಲಿದ್ದಲು ಖಾತೆಯ ಕಾರ್ಯದರ್ಶಿಯಾಗಿದ್ದ ಎಚ್.ಸಿ. ಗುಪ್ತಾ ಅವರಿಗೆ 2017ರಲ್ಲಿ ಶಿಕ್ಷೆಯಾದಾಗ, ಅವರ ಪ್ರಾಮಾಣಿಕತೆಗೆ ಸಾಕ್ಷಿ ಹೇಳಲು ಐಎಎಸ್ ಅಧಿಕಾರಿಗಳೇ ಮುಂದೆ ಬಂದಿದ್ದರು. ಇಂದಿನ ತೀರ್ಮಾನ ನಾಳೆಯ ಸರಕಾರಕ್ಕೆ ಅಪರಾಧವಾಗಿ ಕಾಣುವುದಾದರೆ ಪೆನ್ನು ಎತ್ತುವವರು ಯಾರು ಎಂಬ ಪ್ರಶ್ನೆ ಸುಳ್ಳಲ್ಲ. ಆ ಭಯಕ್ಕೆ ಮದ್ದು ಬೇಕು. ಮದ್ದಿನ ಡಬ್ಬಿಯ ಬೀಗದ ಕೈ ಅದೇ ಸರಕಾರದ ಜೇಬಿನಲ್ಲಿರುವುದೇ ತೊಡಕು. ಸೇಡಿನ ತನಿಖೆಗೆ ಹೆದರುವ ಅಧಿಕಾರಿಯನ್ನು ಕಾಪಾಡಬೇಕಾದವರು ಯಾರೆಂದರೆ, ಸೇಡು ತೀರಿಸಿಕೊಳ್ಳಲು ಬಂದ ಮಂತ್ರಿಯೇ!

“ಆಂಧ್ರದ ಕಥೆ ಗೊತ್ತೇನು?” ಎಂದು ರಾಯರೇ ಕೆದಕಿದರು. ಜಗನ್ ಸರಕಾರವಿದ್ದಾಗ ಕೌಶಲಾಭಿವೃದ್ಧಿ ಪ್ರಕರಣದಲ್ಲಿ ಚಂದ್ರಬಾಬು ನಾಯ್ಡು ಅವರನ್ನು ಬಂಧಿಸಲಾಯಿತು. 17ಎ ಅನುಮತಿ ಪಡೆದಿಲ್ಲವೆಂದು ನಾಯ್ಡು ಸುಪ್ರೀಂ ಕೋರ್ಟಿಗೆ ಹೋದರು. 2024ರ ಜನವರಿ 16ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ತೀರ್ಪು ಕೊಟ್ಟರು. ಒಬ್ಬರು ಅನುಮತಿ ಬೇಕಿತ್ತು ಎಂದರು, ಇನ್ನೊಬ್ಬರು ಬೇಡ ಎಂದರು. ಅದೇ ಜೂನಿನಲ್ಲಿ ನಾಯ್ಡು ಮುಖ್ಯಮಂತ್ರಿಯಾದರು. ಅನುಮತಿಗಾಗಿ ಯಾವ ಬಾಗಿಲು ತಟ್ಟಬೇಕಿತ್ತೋ ಆ ಬಾಗಿಲ ಹಿಂದೆ ಈಗ ಅವರೇ.

ಕರ್ನಾಟಕದಲ್ಲಿ ರಾಯರು ರಾಜಭವನದ ಮೂಲಕ ಬಂದರು. ಮುಡಾ ನಿವೇಶನಗಳ ವಿಚಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ತನಿಖೆಗೆ ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ 2024ರ ಆಗಸ್ಟಿನಲ್ಲಿ ಅನುಮತಿ ಕೊಟ್ಟರು. ಕೊಡಬೇಡಿ ಎಂದು ಸಂಪುಟ ಮೊದಲೇ ಸಲಹೆ ನೀಡಿತ್ತು. ಸೆಪ್ಟೆಂಬರ್ 24ರಂದು ಹೈಕೋರ್ಟು 17ಎ ಅನುಮತಿಯನ್ನು ಎತ್ತಿಹಿಡಿಯಿತು. ಮುಂದೆ ಲೋಕಾಯುಕ್ತ ಪೊಲೀಸರು ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಸಲ್ಲಿಸಿದ್ದೂ ಆಯಿತು. ರಾಯರಿಗೆ ಅದರಲ್ಲಿ ಆಸಕ್ತಿಯಿಲ್ಲ. “ದೆಹಲಿಯ ಪಕ್ಷ ಒಂದು, ರಾಜ್ಯದ ಪಕ್ಷ ಇನ್ನೊಂದು ಆದಾಗ ನಾನು ಬಲುಬೇಗ ಓಡುತ್ತೇನೆ. ಎರಡೂ ಒಂದೇ ಆದಾಗ ಮಂಡಿನೋವು” ಎಂದರು.

ಅಷ್ಟರಲ್ಲಿ ಪಕ್ಕದ ಕಪಾಟಿನಿಂದ ಯಾರೋ ಕೆಮ್ಮಿದರು. ರಾಯರ ತಂಗಿ, ಸಾಮಾನ್ಯ ಸಮ್ಮತಿ. ಪ್ರತಿ ಪ್ರಕರಣಕ್ಕೂ ಬೇರೆ ಬೇರೆಯಾಗಿ ಕೇಳದೆ ಸಿಬಿಐ ಒಂದು ರಾಜ್ಯದೊಳಗೆ ಕಾಲಿಡಬೇಕೆಂದರೆ ಆ ರಾಜ್ಯದಲ್ಲಿ ಈಕೆ ಇರಬೇಕು. ತೊಡೆಯ ಮೇಲೆ ಚೀಲ ಇಟ್ಟುಕೊಂಡೇ ಕೂತಿದ್ದಳು.

“ಅಣ್ಣನದು ಸಾವು-ಹುಟ್ಟು. ನನ್ನದು ಬರೀ ಓಡಾಟ,” ಎಂದಳು. “2018ರ ನವೆಂಬರಿನಲ್ಲಿ ಆಂಧ್ರದಿಂದ ನಾಯ್ಡು ಕಳಿಸಿದರು. 2019ರ ಜೂನಿನಲ್ಲಿ ಜಗನ್ ಕರೆಸಿಕೊಂಡರು. 2020ರ ಅಕ್ಟೋಬರಿನಲ್ಲಿ ಮುಂಬೈಯಿಂದ ಉದ್ಧವ್ ಠಾಕ್ರೆ ಕಳಿಸಿದರು. 2022ರ ಅಕ್ಟೋಬರಿನಲ್ಲಿ ಏಕನಾಥ ಶಿಂದೆ ಕರೆಸಿಕೊಂಡರು. ಬೆಂಗಳೂರಿನವರು ಕಳಿಸಿದ್ದು 2024ರ ಸೆಪ್ಟೆಂಬರ್ 26ಕ್ಕೆ.”

“ಹೈಕೋರ್ಟಿನ ತೀರ್ಪು ಬಂದು ಎರಡು ದಿನಕ್ಕೆ,” ಎಂದಳು ವರದಿಗಾರ್ತಿ.

“ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಕೇಂದ್ರ ಸಿಬಿಐಯನ್ನು ದುರ್ಬಳಕೆ ಮಾಡುತ್ತಿದೆ, ಅದಕ್ಕೇ ಎಂದರು. ಪೂರ್ತಿ ಸುಳ್ಳೂ ಅಲ್ಲ ಬಿಡಿ. 2018ರ ಅಕ್ಟೋಬರಿನಲ್ಲಿ ಸಿಬಿಐಯ ನಿರ್ದೇಶಕ ಅಲೋಕ್ ವರ್ಮಾರನ್ನೇ ರಾತ್ರೋರಾತ್ರಿ ರಜೆ ಮೇಲೆ ಕಳಿಸಲಿಲ್ಲವೇ? ಎರಡು ವರ್ಷದ ಅವಧಿಯ ಭರವಸೆ ಇದ್ದವರನ್ನು! 2019ರ ಜನವರಿ 8ಕ್ಕೆ ಕೋರ್ಟು ವಾಪಸು ಕೂರಿಸಿತು, 10ಕ್ಕೆ ಆಯ್ಕೆ ಸಮಿತಿ ಎಬ್ಬಿಸಿತು. ಅವರಿಗೇ ಹಾಗಾದರೆ ನನ್ನಂಥವಳ ಪಾಡೇನು?” ಎಂದು ಚೀಲದ ದಾರ ಬಿಗಿ ಮಾಡಿದಳು. “ಅದಿರಲಿ, ನೀವು ಬೆಂಗಳೂರಿನವರಲ್ಲವೇ? ನಿಮ್ಮಲ್ಲಿ ಮುಂದಿನ ವಿಧಾನಸಭಾ ಚುನಾವಣೆ ಯಾವಾಗ?”

“2028ಕ್ಕೆ.”

“ಓಹೋ, ಹಾಗಾದರೆ ಸೀರೆಗಳನ್ನಾದರೂ ಹೊರಗೆ ತೆಗೆದಿಡುತ್ತೇನೆ,” ಎಂದು ಆಕೆ ಚೀಲ ಬಿಚ್ಚಲು ಕೂತಳು. ಸಾವಕಾಶವಾಗಿ ಬಿಚ್ಚು, ಅಲ್ಲಿ ಮುಖ್ಯಮಂತ್ರಿ ಬದಲಾಗಲು ಚುನಾವಣೆಯೇ ಆಗಬೇಕೆಂದಿಲ್ಲ ಎಂದು ರಾಯರು ಕಪಾಟಿನ ಮೇಲಿನಿಂದ ಎಚ್ಚರಿಸಿದರು.