ಒಂದನೇ ಲೆವೆಲ್ಲಿನ ವೀರ

ಕಂಪ್ಯೂಟರು ನನ್ನನ್ನು ಚದುರಂಗದಲ್ಲಿ ಸೋಲಿಸಿತು ಅಂತ ನನಗೆ ಕಿಂಚಿತ್ತೂ ಬೇಜಾರಿಲ್ಲ. ಗ್ಯಾರಿ ಕಾಸ್ಪರೋವ್‌ನಂಥ ಕಾಸ್ಪರೋವ್‌ನನ್ನೇ 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂನ ಡೀಪ್ ಬ್ಲೂ ಮೂರೂವರೆ–ಎರಡೂವರೆ ಅಂಕಗಳಿಂದ ಮಣಿಸಿತು. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕುತ್ತಿದ್ದ ಯಂತ್ರ ಅದು. ಸೆಕೆಂಡಿಗೆ ಒಂದನ್ನೂ ನೆಟ್ಟಗೆ ಲೆಕ್ಕ ಹಾಕಲಾಗದ ಬಾಪೂಜಿ ನಗರದ ನಿವೃತ್ತ ಗಣಿತದ ಮೇಷ್ಟ್ರು ಸೋತರೆ ಅದರಲ್ಲಿ ಸುದ್ದಿಯೇನು ಬಂತು? ನನ್ನ ತಕರಾರು ಬೇರೆ. ಅದು ನನ್ನ ಕೈಲಿ ಸೋತಿತು. ಬೇಕಂತಲೇ ಸೋತಿತು.

ಫೋನಿಗೆ ಆ ಆಟ ಹಾಕಿಕೊಟ್ಟವನು ನನ್ನ ಹೆಂಡತಿಯ ತಮ್ಮನ ಮಗ. "ಒಂದನೇ ಲೆವೆಲ್ಲಿಂದ ಶುರು ಮಾಡಿ ಮಾವ" ಅಂದ. ಮಾಡಿದೆ. ನಾಲ್ಕೈದು ನಡೆ ಆಗುವಷ್ಟರಲ್ಲಿ ಯಂತ್ರ ತನ್ನ ಮಂತ್ರಿಯನ್ನು ತಂದು ನನ್ನ ಒಂಟೆಯ ಬಾಯಿಗೇ ಇಟ್ಟಿತು. ಆಮೇಲೆ ಆನೆಯನ್ನೂ ಇಟ್ಟಿತು. ಗೆದ್ದೆ. ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿದವು. ಆ ರಾತ್ರಿ ಎರಡು ತುತ್ತು ಹೆಚ್ಚೇ ಇಳಿಯಿತು. ಬೆಳಿಗ್ಗೆ ಹಾಲಿನ ಬೂತಿನಲ್ಲಿ ಹೇಳಿದೆ, ಇಸ್ತ್ರಿ ಅಂಗಡಿಯಲ್ಲಿ ಹೇಳಿದೆ, ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟಿಗೆ ಕಾಯುತ್ತಿದ್ದ, ಪರಿಚಯವೇ ಇಲ್ಲದ ಹಿರಿಯರೊಬ್ಬರಿಗೂ ಹೇಳಿದೆ: "ಎಐ, ಎಐ ಅಂತ ಹೆದರಿಸ್ತಾರಲ್ಲ ಸ್ವಾಮಿ, ಏನೂ ಇಲ್ಲ ಬಿಡಿ. ನಾನೇ ನಿನ್ನೆ ಮಲಗಿಸಿದೆ." ಅವರು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿಕೊಂಡು ಹೋದರು.

ಭಾನುವಾರ ಊಟಕ್ಕೆ ಬಂದ ಹುಡುಗ ಎಲ್ಲ ಹಾಳು ಮಾಡಿದ. ಈ ಐಟಿ ಹುಡುಗರಿಗೆ ಒಂದು ಚಟ. ನಮ್ಮ ಸಂತೋಷವನ್ನು ಬಿಚ್ಚಿ, ಒಳಗಿನ ಮೊಳೆ ತೋರಿಸದೆ ಅನ್ನ ಕಲಸುವುದಿಲ್ಲ. ಒಳಗೆ ಕೂತಿರುವುದು ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮಂತೆ. ಜಗತ್ತಿನ ಯಾವ ಮನುಷ್ಯನನ್ನಾದರೂ ಸೋಲಿಸುವಷ್ಟು ಬಲವಂತೆ. ಅದಕ್ಕೆ ಸೊನ್ನೆಯಿಂದ 20ರವರೆಗೆ ಬಲದ ಮಟ್ಟಗಳಿವೆ. ಮಟ್ಟ ತಗ್ಗಿಸಿದರೆ ಅದು ದಡ್ಡನಾಗುವುದಿಲ್ಲ. ಹಲವು ನಡೆಗಳನ್ನು ತೂಗಿ ನೋಡಿ, ಅವುಗಳಲ್ಲಿ ಒಂದು ಕಳಪೆಯದನ್ನು ಆರಿಸಿ ಆಡುತ್ತದೆ. "ಅಂದ್ರೆ ಮಾವ, ಒಳ್ಳೇ ನಡೆ ಯಾವುದು ಅಂತ ಅದಕ್ಕೆ ಗೊತ್ತು. ಗೊತ್ತಿದ್ದೂ ನಿಮಗೋಸ್ಕರ ಕೆಟ್ಟದ್ದು ಆಡುತ್ತೆ. ಇನ್ನೊಂಚೂರು ಸಾರು ಹಾಕಿ ಅತ್ತೆ."

ಅತ್ತೆ ಹಾಕಿದಳು. ನಾನಾಗಿದ್ದರೆ ಹಾಕುತ್ತಿರಲಿಲ್ಲ.

ಈ ಅವಮಾನದ ಪೂರ್ತಿ ಆಳ ತಿಳಿಯಬೇಕಾದರೆ ನಮ್ಮ ಎದುರುಮನೆಯ ಕಂಡಕ್ಟ್ರು ಗೊತ್ತಿರಬೇಕು. ಕೆಎಸ್ಆರ್‌ಟಿಸಿಯಲ್ಲಿ ಮೈಸೂರು ರೂಟಿನಲ್ಲಿ ಸರ್ವೀಸು ಮುಗಿಸಿದವರು. ಸ್ಯಾಟಲೈಟ್ ಬಸ್ ನಿಲ್ದಾಣದ ಹಾರನ್ನು ಕಿವಿಗೆ ಬೀಳದಿದ್ದರೆ ನಿದ್ದೆ ಬರುವುದಿಲ್ಲ ಎಂದು ಇಲ್ಲೇ ಮನೆ ಮಾಡಿಕೊಂಡವರು. ಸಂಜೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ನಮ್ಮಿಬ್ಬರ ಆಟ. ಕಪ್ಪು ಕಾಲಾಳೊಂದು ಎಂದೋ ಕಳೆದುಹೋಗಿ ಅದರ ಜಾಗದಲ್ಲಿ ಅಮೃತಾಂಜನದ ಮುಚ್ಚಳ ನಿಂತಿದೆ. ಕಂಡಕ್ಟ್ರು ಕಾಲಾಳುಗಳನ್ನು ಚಿಲ್ಲರೆ ಅನ್ನುತ್ತಾರೆ. ಹೊಡೆದ ಚಿಲ್ಲರೆಯನ್ನು ಪಕ್ಕಕ್ಕಿಡುವುದಿಲ್ಲ. ಉದ್ದಕ್ಕೆ ಮಡಿಸಿದ ನೋಟುಗಳ ಹಾಗೆ ಎಡಗೈ ಬೆರಳ ಸಂದಿಗಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ನನ್ನ ರಾಜನಿಗೆ ಚೆಕ್ ಕೊಡುವಾಗ "ಹೋಲ್ಡಾನ್!" ಅನ್ನುತ್ತಾರೆ. ಆಟ ಮುಗಿದಾಗ "ರೈಟ್, ರೈಟ್." ಇಷ್ಟು ವರ್ಷಗಳಲ್ಲಿ ನಾನು ಅವರನ್ನು ಸೋಲಿಸಿಲ್ಲ. ಕೇಳಿದರೆ, ಮೈಸೂರಿನ ನೀರು ಕುಡಿದ ಮೈ ಇದು ಎನ್ನುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ಬಂಧಗಳನ್ನು ಕಟ್ಟಿದವರು, ತಮ್ಮ ಶ್ರೀತತ್ತ್ವನಿಧಿ ಗ್ರಂಥದ ಕೊನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟವರು. ಅದರಲ್ಲಿ ಕಂಡಕ್ಟ್ರ ಪಾಲೇನು ಅಂತ ನಾನು ಕೇಳಿಲ್ಲ. ರಾಜ್ಯದ ಮೊದಲ ಗ್ರಾಂಡ್‌ಮಾಸ್ಟರ್ ತೇಜ್‌ಕುಮಾರ್ 2017ರಲ್ಲಿ ಪಟ್ಟಕ್ಕೇರಿದಾಗಲೂ, ಅವರು ಮೈಸೂರಿನವರು ಎಂಬ ಒಂದೇ ಕಾರಣಕ್ಕೆ, ತಾವೇ ಗೆದ್ದವರಂತೆ ನನಗೆ ಕಾಫಿ ಕುಡಿಸಿದ್ದರು.

ಇಂಥವರ ಮುಂದೆ ಯಂತ್ರವನ್ನು ಮಲಗಿಸಿದ ಕಥೆ ಹೇಳಿ ಮೂರು ದಿನ ಮೆರೆದಿದ್ದೆ. ಈಗ ನಿಜವಾಗಿ ಗೆಲ್ಲಲೇಬೇಕಿತ್ತು, ಅದೂ ಕೊನೆಯ ಲೆವೆಲ್ಲಿನಲ್ಲಿ. ತಲೆಯಿಂದ ಆಗುವ ಕೆಲಸವಲ್ಲ ಅನ್ನುವುದು ಗೊತ್ತಿತ್ತು. ಆಗ ಹೊಳೆಯಿತು ಉಪಾಯ.

ಹುಡುಗ ಬಿಟ್ಟುಹೋದ, ಗಾಜು ಸೀಳಿದ ಹಳೇ ಫೋನು ಮನೆಯಲ್ಲಿತ್ತು. ಅದರಲ್ಲಿ ಯಂತ್ರಕ್ಕೆ ಬಿಳಿ ಕಾಯಿ. ನನ್ನ ಫೋನಿನಲ್ಲಿ ಯಂತ್ರಕ್ಕೆ ಕಪ್ಪು. ಹಳೇ ಫೋನಿನ ಬಿಳಿ ಏನು ಆಡುತ್ತದೋ ಅದನ್ನೇ ನಾನು ನನ್ನ ಫೋನಿನಲ್ಲಿ ಆಡುವುದು. ನನ್ನ ಫೋನಿನ ಕಪ್ಪು ಕೊಟ್ಟ ಉತ್ತರವನ್ನು ತಂದು ಹಳೇ ಫೋನಿನಲ್ಲಿ ಆಡುವುದು. ಎರಡು ಯಂತ್ರಗಳು ತಮಗೆ ಗೊತ್ತಿಲ್ಲದೆ ಒಂದರ ಮೇಲೊಂದು ಬಿದ್ದು ಕಾದಾಡುತ್ತವೆ. ಡ್ರಾ ಆದರೆ ಎರಡರಲ್ಲೂ ಮಾನ ಉಳಿಯಿತು. ಇಲ್ಲವಾದರೆ ಎರಡರಲ್ಲೊಂದು ಫೋನು ನನಗೆ ಅಭಿನಂದನೆ ಹೇಳಲೇಬೇಕು. ಆ ಫೋನನ್ನು ಮಾತ್ರ ಕಂಡಕ್ಟ್ರಿಗೆ ತೋರಿಸುವುದು. ಮೂವತ್ತು ವರ್ಷ ಗಣಿತ ಹೇಳಿಕೊಟ್ಟದ್ದಕ್ಕೆ ಇಂಥದ್ದೊಂದು ಸಾಧನೆಯನ್ನು ನಾನು ಮೊದಲೇ ಮಾಡಬೇಕಿತ್ತು.

ರಾತ್ರಿ ಊಟವಾದ ಮೇಲೆ ಯುದ್ಧ ಶುರು. ಹಳೇ ಫೋನಿನ ಬ್ಯಾಟರಿಗೆ ಜೀವವಿಲ್ಲ, ಚಾರ್ಜರ್ ತೆಗೆದರೆ ಉಸಿರು ಬಿಡುತ್ತದೆ. ಚಾರ್ಜರಿನ ವೈರು ಮೊಳದುದ್ದ. ಖಾಲಿ ಇರುವ ಪ್ಲಗ್ಗು ಫ್ರಿಜ್ಜಿನ ಪಕ್ಕದಲ್ಲಿ ಮಾತ್ರ. ಹಾಗಾಗಿ ಬಿಳಿ ಸೈನ್ಯ ಫ್ರಿಜ್ಜಿನ ಮೇಲೆ, ಕಪ್ಪು ಸೈನ್ಯ ಊಟದ ಮೇಜಿನ ಮೇಲೆ, ನಡುವೆ ನಾನು. ಕನ್ನಡಕ ಹಾಕಿಕೊಂಡು ಫ್ರಿಜ್ಜಿನ ಹತ್ತಿರ ಬಗ್ಗಿ ನಡೆ ನೋಡುವುದು, ಅದು ಮರೆಯದಂತೆ ಬಾಯಲ್ಲಿ ಹೇಳಿಕೊಳ್ಳುತ್ತ ಮೇಜಿಗೆ ಬರುವುದು, ಆಡುವುದು, ಉತ್ತರ ಹೊತ್ತುಕೊಂಡು ಮತ್ತೆ ಫ್ರಿಜ್ಜು. "ಒಂಟೆ ಸಿ ನಾಲ್ಕು, ಒಂಟೆ ಸಿ ನಾಲ್ಕು." "ಆನೆ ಇ ಒಂದು, ಆನೆ ಇ ಒಂದು." ಧಾರಾವಾಹಿ ನೋಡುತ್ತಿದ್ದ ಹೆಂಡತಿ ಜಾಹೀರಾತಿನ ಬಿಡುವಿನಲ್ಲಿ ತಿರುಗಿ ನೋಡಿದಳು.

"ಏನ್ರೀ ಇದು ಪ್ರದಕ್ಷಿಣೆ?"

"ಚೆಸ್ಸು."

"ಯಾರ ಜೊತೆ?"

"ಅವರವರೇ ಆಡ್ತಿದಾರೆ."

"ಮತ್ತೆ ನೀವು?"

ಉತ್ತರ ಹೊಳೆಯಲಿಲ್ಲ. ಹೊಳೆಯುವ ಪುರಸೊತ್ತೂ ಇರಲಿಲ್ಲ. ಯಾಕೆಂದರೆ ಆಟ ರಂಗೇರಿತ್ತು. ಯಂತ್ರಗಳು ಎಂಥ ನಡೆಗಳನ್ನು ಆಡುತ್ತಿದ್ದವು! ಒಂದೂ ನನಗೆ ಅರ್ಥವಾಗಲಿಲ್ಲ, ಆದರೆ ಅವು ನನ್ನ ಬೆರಳಿಂದಲೇ ಹೊರಡುತ್ತಿದ್ದದ್ದರಿಂದ ಒಂದು ಬಗೆಯ ಮದ ಏರತೊಡಗಿತು. ಕಪ್ಪು ಕಡೆಯಿಂದ ಒಂದು ಚೆಲುವಾದ ಬಲಿದಾನ ಬಂದಾಗ "ಭಲೇ!" ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು. ಫ್ರಿಜ್ಜಿನ ಕಡೆಗೆ ನಡೆಯುವಾಗ ಎದೆ ಉಬ್ಬಿಸಿಕೊಂಡೇ ನಡೆದೆ. ಗಂಟೆ ಹನ್ನೊಂದು ದಾಟಿತ್ತು. ಮೇಜಿನ ಮೇಲಿನ ಕಪ್ಪು ಕುದುರೆ ಜಿ ಆರರಿಂದ ಎಫ್ ನಾಲ್ಕಕ್ಕೆ ನೆಗೆಯಿತು. "ಕುದುರೆ ಎಫ್ ನಾಲ್ಕು, ಕುದುರೆ ಎಫ್ ನಾಲ್ಕು" ಎಂದುಕೊಳ್ಳುತ್ತ ಹೊರಟೆ. ಅಡುಗೆಮನೆಯಿಂದ ದನಿ ಬಂತು: "ರೀ, ಹಾಲಿಗೆ ಹೆಪ್ಪು ಹಾಕಿದ್ರಾ?"

"ಹಾಕ್ತೀನಿ" ಅಂದೆ. ಕುದುರೆ ಎಚ್ ನಾಲ್ಕಕ್ಕೆ ಹೋಗಿ ಕೂತಿತು.

ಫ್ರಿಜ್ಜಿನ ಮೇಲಿನ ಬಿಳಿ ಒಂಟೆ ಅದನ್ನು ಕಣ್ಣು ಮಿಟುಕಿಸುವುದರೊಳಗೆ ತಿಂದಿತು. ಆ ನಡೆಯನ್ನು ಹೊತ್ತು ಮೇಜಿಗೆ ಓಡಿದೆ. ಅಲ್ಲಿ ಎಚ್ ನಾಲ್ಕರಲ್ಲಿ ತಿನ್ನಲು ಏನೂ ಇಲ್ಲ! ಕುದುರೆ ಎಫ್ ನಾಲ್ಕರಲ್ಲಿ ಸುಖವಾಗಿ ನಿಂತಿದೆ. ನಡೆ ಹಿಂದಕ್ಕೆ ಪಡೆಯುವ ಗುಂಡಿ ಒತ್ತೋಣವೆಂದು ಮತ್ತೆ ಫ್ರಿಜ್ಜಿಗೆ ಹೋದರೆ, ಅದಕ್ಕೆ ಮೊದಲು ಒಂದು ಜಾಹೀರಾತು ನೋಡಬೇಕಂತೆ. ಬಿಡದಿಯ ಹತ್ತಿರದ ಸೈಟುಗಳ ಜಾಹೀರಾತು. ಬೇಲಿ, ಕಮಾನು, ಸೈಕಲ್ ತುಳಿಯುವ ಮಗು, ಈಜುಕೊಳ. ಮುಗಿಯಿತೆಂದು ಮೂಲೆಯ ಇಂಟು ಗುರುತು ಒತ್ತಿದರೆ ಸೈಟಿನವರಿಗೆ ಫೋನ್ ಹೋಗುವ ಪುಟ ತೆರೆಯಿತು. ಅದನ್ನು ಮುಚ್ಚುವ ಗಡಿಬಿಡಿಯಲ್ಲಿ ವೈರು ಕಿತ್ತು ಬಂತು. ಫೋನು ಆರಿತು. ಮತ್ತೆ ಹೊತ್ತಿಕೊಂಡಾಗ ಆಟ ಅಲ್ಲೇ ಇತ್ತು, ಕುದುರೆ ಮಾತ್ರ ಇರಲಿಲ್ಲ.

ಅಲ್ಲಿಂದ ಎರಡು ಆಟಗಳೂ ಬೇರೆಬೇರೆಯಾದವು. ಇಷ್ಟು ಹೊತ್ತು ಒಂದರ ಜೊತೆ ಒಂದು ಕಾದಾಡುತ್ತಿದ್ದ ಜಗಜಟ್ಟಿಗಳಿಬ್ಬರೂ ಈಗ ನನ್ನ ಕಡೆ ತಿರುಗಿದರು. ಒಬ್ಬ ಫ್ರಿಜ್ಜಿನ ಮೇಲೆ, ಒಬ್ಬ ಮೇಜಿನ ಮೇಲೆ. ಎರಡರಲ್ಲೂ ಸೋತೆ. ಯಂತ್ರಗಳು ಕಾದಾಡುತ್ತಿದ್ದಷ್ಟು ಹೊತ್ತೂ ನನ್ನ ಸ್ವಂತದ್ದು ಅನ್ನಬಹುದಾದ ನಡೆ ಆ ಎಚ್ ನಾಲ್ಕು ಒಂದೇ. ಹೆಪ್ಪೂ ಹಾಕಿರಲಿಲ್ಲ.

ಬೇರೆಯವರ ತಲೆಯಿಂದ ಚೆಸ್ ಆಡುವ ಈ ವಿದ್ಯೆಗೆ ದೊಡ್ಡ ಪರಂಪರೆಯೇ ಇದೆ. 1770ರಲ್ಲಿ ಕೆಂಪೆಲೆನ್ ಎಂಬಾತ ವಿಯೆನ್ನಾದ ಆಸ್ಥಾನಕ್ಕೆ, ಪೇಟ ಸುತ್ತಿದ ಗೊಂಬೆಯೊಂದನ್ನು ತಂದು ಚೆಸ್ ಆಡುವ ಯಂತ್ರ ಅಂದ. ಪೆಟ್ಟಿಗೆಯ ಬಾಗಿಲು ತೆಗೆದು ಹಲ್ಲುಚಕ್ರ ತೋರಿಸುತ್ತಿದ್ದ. ಒಳಗೆ ಮೇಣದಬತ್ತಿ ಹಿಡಿದು ಮುದುಡಿ ಕೂತ ಮನುಷ್ಯನೊಬ್ಬ ಆಡುತ್ತಿದ್ದ. ನೆಪೋಲಿಯನ್ನನೂ 1809ರಲ್ಲಿ ಅದರೆದುರು ಕೂತಿದ್ದ. ಅಲ್ಲಿ ಯಂತ್ರದೊಳಗೆ ಮನುಷ್ಯ. ನಮ್ಮ ಬೆಂಗಳೂರಿನಲ್ಲಿ ಮನುಷ್ಯನ ಹಿಂದೆ ಯಂತ್ರ. 2021ರ ಜೂನ್‌ನಲ್ಲಿ, ಕೋವಿಡ್ ಕಾಲದಲ್ಲಿ, ಅಕ್ಷಯಪಾತ್ರೆಯ ನೆರವಿಗಾಗಿ ವಿಶ್ವನಾಥನ್ ಆನಂದ್ ಗಣ್ಯರೊಡನೆ ಆನ್‌ಲೈನಿನಲ್ಲಿ ಆಡಿದರಲ್ಲ, ಆಗ ಝೆರೋಧಾದ ನಿಖಿಲ್ ಕಾಮತ್ ಐದು ಸಲದ ವಿಶ್ವಚಾಂಪಿಯನ್ನನನ್ನು ಸೋಲಿಸಿಬಿಟ್ಟರು. ಮರುದಿನ, ಆಟ ವಿಶ್ಲೇಷಿಸುವವರ ಮತ್ತು ಕಂಪ್ಯೂಟರಿನ ಸಹಾಯವಿತ್ತು ಎಂದು ಅವರೇ ಟ್ವಿಟರಿನಲ್ಲಿ ಬರೆದರು. ಆನಂದ್ ತಾನು ಮಣೆಯ ಮೇಲಿನ ಸ್ಥಿತಿ ನೋಡಿ ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂದರು. ಆ ದಿನ ಕಿಚ್ಚ ಸುದೀಪ್ ಕೂಡ ಆಡಿದ್ದರು ಎಂಬುದಷ್ಟೇ ಕಂಡಕ್ಟ್ರಿಗೆ ನೆನಪಿರುವುದು.

ನಗು ಬರಿಸದ ಕಥೆಯೂ ಒಂದಿದೆ. ಮೇರಿಯನ್ ಟಿನ್ಸ್‌ಲಿ ಅಂತ ಅಮೆರಿಕದಲ್ಲಿ ಗಣಿತದ ಮೇಷ್ಟ್ರು. ಚೆಕರ್ಸ್ ಆಟದಲ್ಲಿ ನಲವತ್ತು ವರ್ಷ ಆತ ಸೋತದ್ದನ್ನು ಬೆರಳಲ್ಲಿ ಎಣಿಸಬಹುದು. ಕೆನಡಾದ ಜೊನಾಥನ್ ಶೇಫರ್ ಬರೆದ ಚಿನೂಕ್ ಎಂಬ ಪ್ರೋಗ್ರಾಮನ್ನು 1992ರಲ್ಲಿ ಸೋಲಿಸಿದ. 1994ರಲ್ಲಿ ಮತ್ತೆ ಕೂತಾಗ ಆರು ಆಟ ಡ್ರಾ ಆದವು. ಹೊಟ್ಟೆನೋವೆಂದು ಎದ್ದ, ಕ್ಯಾನ್ಸರ್ ಎಂದು ತಿಳಿಯಿತು, ಮರುವರ್ಷ ತೀರಿಕೊಂಡ. ಪಟ್ಟ ಯಂತ್ರಕ್ಕೆ ಹೋಯಿತು. ಶೇಫರ್ ಅಲ್ಲಿಗೆ ನಿಲ್ಲಿಸಲಿಲ್ಲ. ಕಂಪ್ಯೂಟರುಗಳನ್ನು ಓಡಿಸಿ ಓಡಿಸಿ, ಇಬ್ಬರೂ ತಪ್ಪದೆ ಆಡಿದರೆ ಚೆಕರ್ಸ್ ಡ್ರಾ ಆಗುತ್ತದೆ ಎಂದು 2007ರಲ್ಲಿ ಸಾಧಿಸಿ ತೋರಿಸಿದ. ಅದನ್ನು ತೋರಿಸಬೇಕಾಗಿದ್ದವನು ಸತ್ತು ಹನ್ನೆರಡು ವರ್ಷವಾಗಿತ್ತು. ಇದನ್ನು ಓದಿದ ದಿನ ಸಂಜೆ, ಕಂಡಕ್ಟ್ರು ಬೆಂಚಿಗೆ ಬರುವುದು ಸ್ವಲ್ಪ ತಡವಾದರೂ ಗೇಟಿನ ಕಡೆ ನೋಡುತ್ತಿದ್ದೆ.

ನಮ್ಮ ಅಳಗುಳಿಮಣೆಯ ದಾಯಾದಿಯೊಂದು ಆಫ್ರಿಕಾದಲ್ಲಿದೆ, ಅವರಿ ಅಂತ. ಅದರ ಸುಮಾರು 88,900 ಕೋಟಿ ಸ್ಥಿತಿಗಳನ್ನೂ 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನವರು ಲೆಕ್ಕ ಹಾಕಿ, ಅದೂ ಡ್ರಾ ಅಂದರು. ಹುಣಸೆಬೀಜ ಸೆರಗಿನಲ್ಲಿ ಅಡಗಿಸುವ ಅಜ್ಜಿಯರನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಾರರು. ನನ್ನ ಹೆಂಡತಿ ಫೋನಿನಲ್ಲಿ ಚೌಕಾಬಾರ ಆಡಲು ಒಂದೇ ಸಲ ಒಪ್ಪಿದ್ದು. ಯಂತ್ರಕ್ಕೆ ಬಾರ ಬಿತ್ತು. "ಕವಡೆ ಎಲ್ಲಿ ಹಾಕ್ತು? ನಾನು ನೋಡ್ಲಿಲ್ಲ. ಇನ್ನೊಂದು ಸಲ ಹಾಕಕ್ಕೆ ಹೇಳಿ" ಅಂದಳು. ಹೇಳುವುದು ಹೇಗೆ? ಜಗಳಕ್ಕೆ ಬಾಯಿಲ್ಲದವರ ಜೊತೆ ಆಟವಾಡಬಾರದು ಎಂದು ಎದ್ದುಹೋದಳು.

ಎರಡು ಫೋನಿನ ಕಥೆಯನ್ನು ಕಂಡಕ್ಟ್ರಿಗೆ ಹೇಳಿದೆ. ಬೆರಳ ಸಂದಿಯ ಚಿಲ್ಲರೆ ಉದುರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಸುತ್ತ ನೋಡಿ, ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ಆ ಒಂದನೇ ಲೆವೆಲ್ ನನಗೂ ಹಾಕ್ಕೊಡಿ. ಸೊಸೆಗೆ ಹೇಳ್ಬೇಡಿ. ಮಧ್ಯಾಹ್ನ ಹೊತ್ತೇ ಹೋಗಲ್ಲ" ಅಂದರು. ಹಾಕಿಕೊಟ್ಟೆ.

ಅದಾದ ಮೇಲೆ ಅವರ ಆಟವೇ ಬದಲಾಗಿದೆ. ಯಾವತ್ತೂ ರಾಜನ ಮುಂದಿನ ಚಿಲ್ಲರೆಯಿಂದಲೇ ಶುರು ಮಾಡುತ್ತಿದ್ದವರು ನಿನ್ನೆ ಕುದುರೆ ತೆಗೆದರು. ನಾನು ಯೋಚಿಸುತ್ತಿದ್ದಾಗ ಮೂತ್ರಕ್ಕೆಂದು ಎರಡು ಸಲ ಒಳಗೆ ಹೋಗಿಬಂದರು. ಬಂದ ಕೂಡಲೇ ಸರಕ್ಕನೆ ಆಡಿದರು. ಅಂಗಿಯ ಜೇಬು ಉಬ್ಬಿಕೊಂಡಿತ್ತು.

"ಕಂಡಕ್ಟ್ರೇ, ಮೊದಲು ಆ ಮೊಬೈಲು ತೆಗೆದು ಬೆಂಚಿನ ಮೇಲಿಡಿ" ಅಂದೆ.

"ನೀವಿಡಿ, ಆಮೇಲೆ ನಾನಿಡ್ತೀನಿ" ಅಂದರು.