ಗೆದ್ದು ಗೆದ್ದು ಸೋತ ಅಳಿಯ ರಾಮರಾಯರಿಗೆ

ಶ್ರೀಮನ್ಮಹಾಮಂಡಲೇಶ್ವರ ಅಳಿಯ ರಾಮರಾಜಯ್ಯನವರ ಸನ್ನಿಧಾನಕ್ಕೆ,

ಅನಂತ ವಂದನೆಗಳು. ಇಲ್ಲಿ ಎಲ್ಲರೂ ಕ್ಷೇಮ. ತಾವು ಬಿಟ್ಟುಹೋದ ವಿಜಯನಗರ ಪಟ್ಟಣವೂ ಕ್ಷೇಮವೇ. 1986ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿದ್ದಾರೆ. ಅಲ್ಲಿನ ಕಲ್ಲಿನ ರಥ ಈಗ ಐವತ್ತು ರೂಪಾಯಿ ನೋಟಿನ ಮೇಲೆ ಕೂತು ಊರೂರು ಸುತ್ತುತ್ತಿದೆ. ಆಳುವವರ ಲೆಕ್ಕ ತಪ್ಪಿದರೆ ಊರೊಂದು ಎಷ್ಟು ಸುಂದರವಾಗಿ ಹಾಳಾಗಬಹುದು ಎಂದು ನೋಡಲು ದೇಶ ವಿದೇಶಗಳಿಂದ ಜನ ಬರುತ್ತಾರೆ. ಬಂದವರೆಲ್ಲ ಕೃಷ್ಣದೇವರಾಯರನ್ನು ಹೊಗಳುತ್ತಾರೆ. ತಮ್ಮ ಹೆಸರೆತ್ತುವವರು ಕಡಿಮೆ.

ಈ ಅನ್ಯಾಯವನ್ನು ಸರಿಪಡಿಸಲೆಂದೇ ಈ ಪತ್ರ. ನಮ್ಮ ಪುಸ್ತಕದ ಅಂಗಡಿಗಳಲ್ಲಿ ನಾಯಕತ್ವದ ಪುಸ್ತಕಗಳಿಗೆ ಒಂದು ಗೋಡೆಯೇ ಮೀಸಲು. ಎಲ್ಲವೂ ಗೆದ್ದವರ ಕಥೆಗಳೇ. ಇಪ್ಪತ್ತೆರಡು ವರ್ಷ ಗೆಲ್ಲುತ್ತಲೇ ಇದ್ದು ಒಂದೇ ದಿನದಲ್ಲಿ ಎಲ್ಲವನ್ನೂ ಸೋತವರ ಅನುಭವ ಯಾರಿಗೂ ಬೇಡವಾಗಿದೆ. ತಾವು ಒಪ್ಪುವುದಾದರೆ ಬರೆದುಕೊಡಲು ನಾನು ಸಿದ್ಧ. ಅಧ್ಯಾಯಗಳ ಕರಡು ಹೀಗಿದೆ, ತಿದ್ದಿಕೊಡಬೇಕು.

ಮೊದಲ ಅಧ್ಯಾಯ ತಮ್ಮ ಸೋಲಿನದು. ಗೋಲ್ಕೊಂಡದ ಚರಿತ್ರೆಕಾರನನ್ನು ನಂಬುವುದಾದರೆ, ತಾವು ವೃತ್ತಿ ಆರಂಭಿಸಿದ್ದು ಕುತುಬ್ ಶಾಹನ ನೌಕರಿಯಲ್ಲಿ. ಬಿಜಾಪುರದವರು ದಂಡೆತ್ತಿ ಬಂದಾಗ ತಾವು ಕಾಯುತ್ತಿದ್ದ ಠಾಣ್ಯ ಬಿಟ್ಟು ಓಡಿಬಂದಿರಿ, ಹೇಡಿ ಎಂದು ಕೆಲಸದಿಂದ ತೆಗೆದರು. ಬೇರೆಯವರಾಗಿದ್ದರೆ ಮೂಲೆ ಸೇರುತ್ತಿದ್ದರು. ತಾವು ವಿಜಯನಗರಕ್ಕೆ ಬಂದು ಕೃಷ್ಣದೇವರಾಯರ ಅಳಿಯನಾದಿರಿ. ಕೆಲಸ ಹೋದಾಗ ಕಲಿತ ಪಾಠವನ್ನೂ ಮರೆಯಲಿಲ್ಲ: ದಕ್ಖನ್ನಿನಲ್ಲಿ ಸುಲ್ತಾನರ ಐದು ಮನೆಗಳಿವೆ, ಒಂದಕ್ಕೊಂದು ಆಗಿಬರುವುದಿಲ್ಲ. ಈ ಒಂದು ತಿಳಿವಳಿಕೆಯೇ ತಮ್ಮ ಇಡೀ ಬಂಡವಾಳ.

ಎರಡನೆಯದು ಪಟ್ಟದ ಅಧ್ಯಾಯ. ಕೃಷ್ಣದೇವರಾಯರ ನಂತರ ಪಟ್ಟಕ್ಕೆ ಬಂದ ಅಚ್ಯುತರಾಯರು ತೀರಿಕೊಂಡ ಮೇಲೆ ಸದಾಶಿವರಾಯನನ್ನು ಸಿಂಹಾಸನದ ಮೇಲೆ ಕೂರಿಸಿ ಆಡಳಿತವನ್ನು ತಾವು ವಹಿಸಿಕೊಂಡಿರಿ. ರಾಜನನ್ನು ವರ್ಷಕ್ಕೊಮ್ಮೆ ಜನರಿಗೆ ತೋರಿಸುತ್ತಿದ್ದರಂತೆ. 1567ರಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್ ಹೀಗೆಂದು ಬರೆದಿದ್ದಾನೆ. ಕುರ್ಚಿಯ ಮೇಲೆ ಒಬ್ಬ, ಕುರ್ಚಿಯ ಹಿಂದೆ ಇನ್ನೊಬ್ಬ ಎಂಬ ಈ ಏರ್ಪಾಡು ನಮ್ಮಲ್ಲಿ ಈಗಲೂ ಜಾರಿಯಲ್ಲಿದೆ. ಗ್ರಾಮ ಪಂಚಾಯಿತಿಯಿಂದ ಹಿಡಿದು ಕುಟುಂಬದ ಕಂಪನಿಗಳವರೆಗೆ ಎಲ್ಲರೂ ತಮಗೆ ಗೌರವಧನ ಸಲ್ಲಿಸಬೇಕು.

ಮೂರನೆಯದು ಆತಿಥ್ಯದ್ದು. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಅಣ್ಣನಿಗೆ ಹೆದರಿ ಓಡಿಬಂದಾಗ ಏಳು ವರ್ಷ ಇಟ್ಟುಕೊಂಡು ಸಾಕಿದಿರಿ. ನಮ್ಮ ಪಕ್ಷಗಳಿಗೆ ಶಾಸಕರನ್ನು ಏಳು ದಿನ ರೆಸಾರ್ಟಿನಲ್ಲಿ ಹಿಡಿದಿಡುವಷ್ಟರಲ್ಲೇ ಸಾಕುಸಾಕಾಗುತ್ತದೆ. ಆಮೇಲೆ ಬಿಜಾಪುರದ ಅಲಿ ಆದಿಲ್ ಶಾಹ. ತಮಗೆ ಪುತ್ರಶೋಕವಾದಾಗ ಸಮಾಧಾನ ಹೇಳಲು ತಾನೇ ಬಂದ. ತಮ್ಮ ಮನೆಯವರು ಅವನನ್ನು ಮಗನೆಂದರು. ಆದರೆ ಹೊರಟುನಿಂತ ಆ ಮಗನನ್ನು ಬೀಳ್ಕೊಡಲು ತಾವು ಹೋಗಲಿಲ್ಲ, ಅದು ಅವನ ಮನಸ್ಸಿನಲ್ಲಿ ಉಳಿಯಿತು ಎನ್ನುತ್ತಾನೆ ಚರಿತ್ರೆಕಾರ ಫಿರಿಷ್ತಾ. ಅಷ್ಟು ದೊಡ್ಡವರು ಅಷ್ಟು ದೂರ ನಡೆಯುವುದುಂಟೇ?

ನಾಲ್ಕನೆಯದು ಗೆಲುವಿನ ಶಿಖರ. ಅಹಮದ್‌ನಗರದ ಹುಸೇನ್ ನಿಜಾಂ ಶಾಹ ಸೋತು ಸಂಧಿಗೆ ಬಂದಾಗ ಕಲ್ಯಾಣದ ಕೋಟೆ ಬಿಟ್ಟುಕೊಡಬೇಕೆಂದಿರಿ. ಅದು ರಾಜಕಾರಣ. ಜೊತೆಗೆ, ಅವನೇ ತಮ್ಮ ಬಿಡಾರಕ್ಕೆ ಬಂದು ತಮ್ಮ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕೆಂದಿರಿ. ಅದು ಯಾಕೆ ಬೇಕಿತ್ತೋ ನನಗೆ ಇನ್ನೂ ತಿಳಿದಿಲ್ಲ. ಕೋಟೆ ಕಳೆದುಕೊಂಡವನು ಇನ್ನೊಂದು ಕೋಟೆ ಗೆದ್ದು ಸಮಾಧಾನಪಟ್ಟುಕೊಳ್ಳಬಹುದು. ಬಗ್ಗಿ ವೀಳ್ಯ ತೆಗೆದುಕೊಂಡವನಿಗೆ ಆ ದಾರಿಯೂ ಇಲ್ಲ. ನಾಯಕತ್ವದ ಪುಸ್ತಕಗಳು ಗೆಲ್ಲುವುದು ಹೇಗೆಂದು ಹೇಳುತ್ತವೆಯೇ ಹೊರತು ಗೆದ್ದ ಮೇಲೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವುದಿಲ್ಲ.

ಐದನೆಯ ಅಧ್ಯಾಯ ಮದುವೆಗಳದ್ದು. ಹುಸೇನನ ಮಗಳು ಚಾಂದ್ ಬೀಬಿ ಅಲಿಯ ಕೈಹಿಡಿದಳು, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಹೋಯಿತು. ಅಲಿಯ ಸೋದರಿ ಹುಸೇನನ ಮಗನ ಮನೆ ತುಂಬಿದಳು. ತಾವು ಸಾಕಿದ್ದ ಇಬ್ರಾಹಿಂ ಈಗ ಗೋಲ್ಕೊಂಡದ ಸುಲ್ತಾನ, ಅವನೂ ಬಂದ. ಬೀದರಿನವರೂ ಬಂದರು. ಐದರಲ್ಲಿ ನಾಲ್ಕು ಮನೆ ಒಂದಾದವು. ಅಳಿಯತನದಿಂದಲೇ ಇಷ್ಟು ಎತ್ತರಕ್ಕೆ ಏರಿದ ತಮಗೆ ಮದುವೆಯ ಶಕ್ತಿ ಹೊಳೆಯದೆ ಹೋದದ್ದು ಆಶ್ಚರ್ಯ. ಅಥವಾ ಆಶ್ಚರ್ಯವೇನಿಲ್ಲ. ಇಪ್ಪತ್ತೆರಡು ವರ್ಷ ಅವರು ಜಗಳವಾಡಿದ್ದರು. ಇಪ್ಪತ್ಮೂರನೆಯ ವರ್ಷವೂ ಆಡುತ್ತಾರೆ ಎಂದುಕೊಂಡಿರಿ. ಅವರನ್ನು ಒಂದು ಮಾಡಿದ್ದು ತಮ್ಮ ಗೆಲುವೇ ಅಲ್ಲವೇ?

ಆರನೆಯದು 1565ರ ಜನವರಿ 23ರ ಯುದ್ಧದ್ದು. ನಾಲ್ವರೂ ಕೃಷ್ಣೆಯ ದಂಡೆಯಲ್ಲಿ ಬೇರೆ ಕಡೆ ಹೊರಟಂತೆ ನಟಿಸಿ, ವಿಜಯನಗರದ ಸೇನೆಯನ್ನು ಅತ್ತ ಸೆಳೆದು, ಮೊದಲಿನ ಹಾಯ್ಗಡದಲ್ಲೇ ದಾಟಿಬಂದರು. ತಮಗೆ ಎಂಬತ್ತು ದಾಟಿತ್ತು ಎನ್ನುತ್ತಾರೆ. ಪೋರ್ಚುಗೀಸ್ ಬರಹಗಾರ ಕೂಟೊ ತೊಂಬತ್ತಾರು ಅನ್ನುತ್ತಾನೆ. ಆ ವಯಸ್ಸಿನಲ್ಲೂ ಸೇನೆಯ ಮುಂದಾಳುತನವನ್ನು ಇನ್ನೊಬ್ಬರಿಗೆ ಬಿಡಲಿಲ್ಲ. ಯುದ್ಧದ ನಡುವೆ ರತ್ನದ ಆಸನದ ಮೇಲೆ ಕೂತು, ಚೆನ್ನಾಗಿ ಕಾದಿದವರಿಗೆ ಕೊಡಲೆಂದು ಹೊನ್ನು, ಮುತ್ತುಗಳನ್ನು ರಾಶಿ ಹಾಕಿಸಿದಿರಂತೆ. ಎದುರಿಗೆ ನಿಜಾಂ ಶಾಹನ ಫಿರಂಗಿಗಳ ಮುಖ್ಯಸ್ಥ ರೂಮಿ ಖಾನ್. ಅವನು ತೋಪುಗಳಿಗೆ ತಾಮ್ರದ ನಾಣ್ಯದ ಚೀಲಗಳನ್ನೇ ತುಂಬಿ ಹಾರಿಸಿದ. ಇಷ್ಟನ್ನೂ ಬರೆದವನು ಫಿರಿಷ್ತಾ. ದುಡ್ಡನ್ನು ಎಲ್ಲಿ ಇಡಬೇಕೆಂಬ ವಿಷಯದಲ್ಲಿ ಎರಡು ಆಡಳಿತಗಳ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಮತ್ತೆಲ್ಲೂ ಕಾಣಿಸಿಲ್ಲ. ಆನೆ ನುಗ್ಗಿತು, ಪಲ್ಲಕ್ಕಿಯವರು ಓಡಿದರು, ತಾವು ಸೆರೆಸಿಕ್ಕಿರಿ. ಮುಂದಿನದು ತಮಗೇ ಗೊತ್ತು. ತಲೆ ಹೋದ ಮೇಲೆ ಲಕ್ಷಗಟ್ಟಲೆ ಸೈನಿಕರಲ್ಲಿ ಮುಂದೇನು ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಹಾಗೆ ಹೇಳಬಲ್ಲವರನ್ನು ತಾವು ಬೆಳೆಸಿಯೇ ಇರಲಿಲ್ಲ.

ಸೋಲಿನ ಬಿಲ್ಲು ಯಾರು ತೆತ್ತರು ಎಂಬುದು ಏಳನೆಯ ಅಧ್ಯಾಯ. ತಮ್ಮ ತಮ್ಮ ತಿರುಮಲ ಬೊಕ್ಕಸವನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಗೊಂಡೆಗೆ ನಡೆದ. ಊರಿನವರಿಗೆ ಆನೆ ಸಿಗಲಿಲ್ಲ. ತಿಂಗಳುಗಟ್ಟಲೆ ಸುಲಿಗೆ ನಡೆಯಿತು. ಮುಂದೆ ತಿರುಮಲ ಒಳ್ಳೆಯ ಬೆಲೆ ಕೊಡುವೆನೆಂದು ಗೋವೆಯಿಂದ ಕುದುರೆ ತರಿಸಿ, ಎಲ್ಲವನ್ನೂ ಇಟ್ಟುಕೊಂಡು ವ್ಯಾಪಾರಿಗಳನ್ನು ಬರಿಗೈಯಲ್ಲಿ ಕಳಿಸಿದ ಎಂದೂ ಫ್ರೆಡರಿಕ್ ದೂರಿದ್ದಾನೆ. ಕುದುರೆ ವ್ಯಾಪಾರದ ನೀತಿ ಆಗಲೂ ಅಷ್ಟೇ ಇತ್ತು.

ತಮಗೆ ಸಂತೋಷವಾಗಬಹುದಾದ ಒಂದು ಸುದ್ದಿ: ಗೆದ್ದವರೂ ಏನೂ ಕಲಿಯಲಿಲ್ಲ. ತಮ್ಮ ಭಯ ಹೋದದ್ದೇ ತಡ, ಮತ್ತೆ ತಮ್ಮತಮ್ಮೊಳಗೆ ಕಚ್ಚಾಡಿದರು. 1600ರಲ್ಲಿ ಅಹಮದ್‌ನಗರದ ಕೋಟೆ ಮೊಗಲರ ಪಾಲಾಯಿತು, 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ. ಕಲಿತವರು ಯಾರೆಂದರೆ ತಮ್ಮ ಅಂಚಿನಲ್ಲಿದ್ದ ಚಿಕ್ಕಪುಟ್ಟವರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು. ಕೆಳದಿಯವರೂ ಚಿತ್ರದುರ್ಗದವರೂ ತಮ್ಮ ಕೋಟೆಗಳನ್ನು ತಾವೇ ನೋಡಿಕೊಂಡರು.

ಇನ್ನು ಕೊನೆಯ ಅಧ್ಯಾಯವೊಂದೇ ಬಾಕಿ, ಅದಕ್ಕೆ ತಮ್ಮ ನೆರವು ಬೇಕು. ಅಷ್ಟು ದೊಡ್ಡ ಆಸ್ಥಾನದಲ್ಲಿ, ಅಷ್ಟು ಜನ ಮಂತ್ರಿ ದಳವಾಯಿಗಳಲ್ಲಿ, "ಸ್ವಾಮಿ, ಈ ಸಲ ಅವರು ಒಂದಾಗಬಹುದು" ಎಂದು ಒಬ್ಬನಾದರೂ ಹೇಳಿದ್ದನೇ? ಹೇಳಿದ್ದರೆ ಅವನನ್ನು ಏನು ಮಾಡಿದಿರಿ? ಹೆಸರು ನೆನಪಿದ್ದರೆ ತಿಳಿಸಿ. ಪುಸ್ತಕವನ್ನು ಅವನಿಗೇ ಅರ್ಪಿಸುತ್ತೇನೆ. ಇವತ್ತು ಸತತವಾಗಿ ಗೆಲ್ಲುತ್ತಿರುವ ಹಲವರ ಕಚೇರಿಗಳಲ್ಲಿ ಅವನಿಗೊಂದು ಕೆಲಸ ಖಾಲಿ ಇದೆ. ಸಂಬಳ ಮಾತ್ರ ಇನ್ನೂ ಯಾರೂ ನಿಗದಿ ಮಾಡಿಲ್ಲ.

ಇಂತಿ,
ತಮ್ಮ ಪಟ್ಟಣವನ್ನು ಟಿಕೆಟ್ ಕೊಂಡು ನೋಡುವ ಪ್ರಜೆ