ವಿಜ್ಞಾನೇಶ್ವರನ ಊರಿನಲ್ಲೊಂದು ಸಹಿ

ನಮ್ಮ ಕಡೆ ಸಾಲ ಸಿಕ್ಕಿತೆಂದು ಪೇಡೆ ಹಂಚುವ ಪದ್ಧತಿ ಇಲ್ಲ. ಸ್ಕಾಲರ್‌ಶಿಪ್ ಸಿಕ್ಕಿತೆಂದು ಹಂಚುತ್ತಾರೆ. ಹೀಗಾಗಿ ನನ್ನ ತಮ್ಮ ಹುಮನಾಬಾದಿನಿಂದ ಪೇಡೆಯ ಡಬ್ಬಿ ಹಿಡಿದು ಬಸವಕಲ್ಯಾಣದ ನಮ್ಮ ಮನೆಗೆ ಬಂದಾಗ, ಅಮೆರಿಕಕ್ಕೆ ಓದಲು ಹೊರಟ ಅವನ ಮಗನ ಖರ್ಚನ್ನೆಲ್ಲ ಅಲ್ಲಿನ ಸರ್ಕಾರವೇ ಹೊತ್ತುಕೊಂಡಿತೆಂದು ನನ್ನ ಹೆಂಡತಿ ನಂಬಿಬಿಟ್ಟಳು. ಪೇಡೆ ಬಾಯಲ್ಲಿಟ್ಟುಕೊಂಡೇ ನಾನು ಯೂನಿವರ್ಸಿಟಿಯ ಪತ್ರ ಓದಿದೆ. ವರ್ಷದ ಫೀ 22,000 ಡಾಲರ್. ಅದರಲ್ಲಿ ಸ್ಕಾಲರ್‌ಶಿಪ್ 4,000. ಆಷಾಢದಲ್ಲಿ ಸೀರೆ ಅಂಗಡಿಯವರು ಬೆಲೆ ಏರಿಸಿ ಬಿಡುವ ರಿಯಾಯಿತಿಗೂ ಇದಕ್ಕೂ ನನಗೆ ಫರಕು ಕಾಣಲಿಲ್ಲ. ಸೀರೆ ಅಂಗಡಿಯವರು ಬಿಲ್ಲಿನ ಮೇಲೆ ‘ಹಾರ್ದಿಕ ಅಭಿನಂದನೆಗಳು’ ಎಂದು ಬರೆಯುವುದಿಲ್ಲ, ಅಷ್ಟೆ.

“ಉಳದದ್ದು ಲೋನ್ ಆತದ ಅಣ್ಣಾ,” ಅಂದ ತಮ್ಮ.

ಉಳಿದದ್ದನ್ನು ಕೂಡಿಸಿದೆ. ಎರಡು ವರ್ಷದ ಫೀ, ಬಾಡಿಗೆ, ಊಟ ಸೇರಿ ಐವತ್ತು ಲಕ್ಷ ದಾಟಿತು. ಅದರಲ್ಲಿ ನಲವತ್ತು ಲಕ್ಷ ಸಾಲ ಎಂದಿಟ್ಟುಕೊಳ್ಳಿ. ಓದುವಷ್ಟು ದಿನ, ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟಬೇಕಿಲ್ಲವೆಂದು ಹೈದರಾಬಾದಿನ ಕನ್ಸಲ್ಟೆನ್ಸಿಯವರು ತಮ್ಮನಿಗೆ ಮೂರು ಸಲ ಹೇಳಿದ್ದರಂತೆ. ಆ ದಿನಗಳಲ್ಲಿ ಬಡ್ಡಿ ರಜೆ ಹಾಕುವುದಿಲ್ಲ ಎಂಬುದನ್ನು ಒಂದು ಸಲವೂ ಹೇಳಿರಲಿಲ್ಲ. ಶೇಕಡಾ ಹತ್ತೂವರೆಯ ಬಡ್ಡಿ ಹಿಡಿದರೆ ಕಂತು ಶುರುವಾಗುವ ಹೊತ್ತಿಗೆ ನಲವತ್ತು ಐವತ್ತರ ಹತ್ತಿರ ಬಂದಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 67,000 ರೂಪಾಯಿ.

ತಮ್ಮನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನಿಗೆ ದುಡ್ಡಿನ ಲೆಕ್ಕ ತಲೆಗೆ ಹತ್ತುವುದಿಲ್ಲ, ತೊಗರಿಯಲ್ಲಿ ಹೇಳಬೇಕು. 2025-26ಕ್ಕೆ ಸರ್ಕಾರ ತೊಗರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. “ವರ್ಷಕ್ಕ ನೂರಾ ಒಂದು ಕ್ವಿಂಟಲ್ ತೊಗರಿ ಬ್ಯಾಂಕಿಗಿ ಹಾಕಬೇಕು, ಹತ್ತು ವರ್ಷ,” ಅಂದೆ. ಆಗ ಪೇಡೆ ಗಂಟಲಲ್ಲಿ ಸಿಕ್ಕಿತು. ನಮ್ಮ ಆರೆಕರೆ ಎರೆಯಲ್ಲಿ, ಮಳೆ ಕೈಹಿಡಿದ ವರ್ಷ, ಎಕರೆಗೆ ನಾಲ್ಕರಂತೆ ಇಪ್ಪತ್ತನಾಲ್ಕು ಕ್ವಿಂಟಲ್ ರಾಶಿ.

“ಉಳದ ಎಪ್ಪತ್ತೇಳು?”

“ಅದು ಹುಡುಗ ಡಲ್ಲಾಸ್‌ದಾಗ ಬೆಳೀಬೇಕು.”

ಆ ಆರೆಕರೆಗಾದರೂ ಬ್ಯಾಂಕಿನಲ್ಲಿ ಮರ್ಯಾದೆ ಇದೆಯೇ ಎಂದರೆ ಅದೂ ಇಲ್ಲ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ. ತಮ್ಮ ಹೆಮ್ಮೆಯಿಂದ ಪಹಣಿ ಮುಂದಿಟ್ಟಾಗ ಅಧಿಕಾರಿ ಎರಡೇ ಬೆರಳಲ್ಲಿ ಅದನ್ನು ವಾಪಸು ಸರಿಸಿದರು. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಹೊಲಕ್ಕೆ ಅನ್ವಯಿಸುವುದಿಲ್ಲ. ಕಿತ್ತುಕೊಳ್ಳಲು ಬರುವುದಿಲ್ಲ, ಅದಕ್ಕೇ ಬೇಡ. ಸಾಲದ ಮರ್ಮವನ್ನು ಇಷ್ಟು ಪ್ರಾಮಾಣಿಕವಾಗಿ ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಎನ್.ಎ. (ಕೃಷಿಯೇತರ) ಆದ ಪ್ಲಾಟ್ ಇದ್ದರೆ ತನ್ನಿ ಎಂದರಂತೆ. ಪ್ಲಾಟ್ ಒಂದಿದೆ: ಹುಮನಾಬಾದಿನಲ್ಲಿ, ಹೈದರಾಬಾದ್–ಪುಣೆ ಹೆದ್ದಾರಿಯ ಮಗ್ಗುಲಲ್ಲಿ. ತೀರಿಹೋದ ನಮ್ಮಪ್ಪನ ಹೆಸರಿನಲ್ಲಿದೆ. ಮೂವರು ಅಣ್ಣತಮ್ಮಂದಿರ ಸಹಿ ಬೇಕು. ಪೇಡೆ ಬಂದ ಕಾರಣ ಆಗ ತಿಳಿಯಿತು.

ನಿವೃತ್ತ ಇತಿಹಾಸ ಮಾಸ್ತರನಿಂದ ಸಹಿ ಬೇಕಾದವರು ಪಾಠ ಕೇಳಲೇಬೇಕು. ತಮ್ಮನ ಬಸ್ಸಿಗೆ ಇನ್ನೂ ಹೊತ್ತಿತ್ತು.

ಒಂದು ಕಾಲಕ್ಕೆ ಪರದೇಶವೆಂದರೆ ನಮ್ಮ ಕಲ್ಯಾಣವೇ, ಅಂದೆ. ಕಾಶ್ಮೀರದ ಬಿಲ್ಹಣ ಮಥುರೆ, ಕಾಶಿ ಎಲ್ಲ ಸುತ್ತಿ ಕೊನೆಗೆ ಇಲ್ಲಿ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ವಿದ್ಯಾಪತಿ ಎಂಬ ಬಿರುದು, ಸಕಲ ಮರ್ಯಾದೆ: ಅದು ಪೂರ್ತಿ ಸ್ಕಾಲರ್‌ಶಿಪ್. ಅದಕ್ಕೆ ಪ್ರತಿಯಾಗಿ ದೊರೆಯನ್ನು ಹೊಗಳಿ ಹದಿನೆಂಟು ಸರ್ಗಗಳ ಕಾವ್ಯ ಬರೆದುಕೊಟ್ಟ. ಈಗಿನವರ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಎರಡೇ ಪುಟದ್ದು. ಮುಂದಿನ ಶತಮಾನದಲ್ಲಿ ಬಂದ ಮೋಳಿಗೆಯ ಮಾರಯ್ಯನೂ ಕಾಶ್ಮೀರದವನೇ, ಅಲ್ಲಿನ ಅರಸನೇ ಆಗಿದ್ದವನು ಎನ್ನುತ್ತಾರೆ. ಅವನದು ಪಾರ್ಟ್‌ಟೈಮ್ ದಾರಿ. ಕಟ್ಟಿಗೆ ಹೊರೆ ಮಾರಿ ಉಂಡ. ಬಸವಣ್ಣನವರು ಅವನಿಲ್ಲದಾಗ ಗುಡಿಸಲಲ್ಲಿ ಹೊನ್ನು ಇಟ್ಟು ಬಂದರೆ ಅದನ್ನೂ ಜಂಗಮರಿಗೆ ಹಂಚಿಬಿಟ್ಟನಂತೆ. ಸ್ಕಾಲರ್‌ಶಿಪ್ ತಾನಾಗಿ ಮನೆಗೆ ಬಂದರೂ ಬಿಟ್ಟ ವಿದ್ಯಾರ್ಥಿ ನನಗೆ ಗೊತ್ತಿರುವಂತೆ ಅವನೊಬ್ಬನೇ.

“ಲೋನ್ ತಗೊಂಡವರ್ಯಾರೂ ಇಲ್ಲೇನು?” ಎಂದ ತಮ್ಮ.

ಲೋನಿಗೆ ಕಾನೂನು ಬರೆದವನೇ ಇದ್ದ. ವಿಕ್ರಮಾದಿತ್ಯನ ಕಾಲದಲ್ಲೇ ವಿಜ್ಞಾನೇಶ್ವರ ಇಲ್ಲಿ ಕೂತು ಮಿತಾಕ್ಷರ ಬರೆದ. ಆಸ್ತಿಯ ಪಾಲಿಗೆ ಕೋರ್ಟುಗಳು ಎಂಟು ನೂರು ವರ್ಷದ ಮೇಲೂ ಅದನ್ನೇ ತೆರೆದವು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಅಪ್ಪನ ಸಾಲ ಮಗ ತೀರಿಸಬೇಕು, ಕುಡಿತ ಜೂಜಿನಂಥದ್ದು ಬಿಟ್ಟು. ಮಗನ ಸಾಲ ಮಾತ್ರ ಅಪ್ಪ ತೀರಿಸಬೇಕಿಲ್ಲ. ಬ್ಯಾಂಕಿನವರು ‘ಸಹ ಅರ್ಜಿದಾರ’ ಎಂಬ ಒಂದು ಖಾನೆ ಬರೆದು, ಅದರ ಕೆಳಗೆ ಅಪ್ಪನ ಸಹಿ ಹಾಕಿಸಿಕೊಂಡು, ಈ ಶಾಸ್ತ್ರವನ್ನು ವಿಜ್ಞಾನೇಶ್ವರನ ಊರಿನಲ್ಲೇ ತಲೆಕೆಳಗು ಮಾಡಿಟ್ಟಿದ್ದಾರೆ. ಸ್ಮೃತಿಯಲ್ಲೂ ಒಂದು ಕಂಡಿ ಇದೆ ಎಂದು ಮಾಸ್ತರಿಕೆಯ ಚಟಕ್ಕೆ ಸೇರಿಸಿದೆ: ಕುಟುಂಬದ ಸಲುವಾಗಿ ಮಾಡಿದ ಸಾಲವಾದರೆ ಅಪ್ಪನೂ ತೀರಿಸಬೇಕು.

“ಮತ್ತ ಇದು ಕುಟುಂಬದ ಸಲುವಾಗೇ ಅಲ್ಲೇನು? ಎಮ್ಮೆಸ್ ಆಗಲಿಲ್ಲಂದ್ರ ಕನ್ಯಾ ಯಾರ್ ಕೊಡ್ತಾರ?”

ಒಂಬತ್ತು ನೂರು ವರ್ಷದಲ್ಲಿ ಯಾವ ಪಂಡಿತನಿಗೂ ಈ ಭಾಷ್ಯ ಹೊಳೆದಿರಲಿಲ್ಲ.

ನಿಜವಾದ ಸ್ಕಾಲರ್‌ಶಿಪ್‌ಗಳು ಇಲ್ಲವೆಂದಲ್ಲ. ನಮ್ಮ ಸೀಮೆ ನಿಜಾಮರದ್ದಾಗಿದ್ದಾಗ, 1895ರಲ್ಲಿ, ಅವರ ಸ್ಕಾಲರ್‌ಶಿಪ್ ಮೇಲೆ ಹದಿನಾರರ ಸರೋಜಿನಿ ಇಂಗ್ಲೆಂಡಿಗೆ ಹೋದಳು. ಮುಂದೆ ನಾಯ್ಡು ಆದವಳು. ಆ ಖಜಾನೆಯಲ್ಲಿ ನಮ್ಮಜ್ಜ ಕಟ್ಟಿದ ಕಂದಾಯವೂ ಇದ್ದೀತು, ಯಾರೂ ರಸೀದಿ ಕೊಟ್ಟಿಲ್ಲ. ಈಗ ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ಸ್ಕಾಲರ್‌ಶಿಪ್ ಇದೆ, ಇಡೀ ದೇಶಕ್ಕೆ 125. ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಆ ಸಾಲಿನಲ್ಲಿ ನಾವು ನಿಲ್ಲುವಂತಿಲ್ಲ, ನಿಲ್ಲಬಾರದು ಕೂಡ. 1892ರಿಂದ ನಡೆದಿರುವ ಜೆ.ಎನ್. ಟಾಟಾ ನಿಧಿಯವರು ತಾವು ಕೊಡುವುದನ್ನು ‘ಲೋನ್ ಸ್ಕಾಲರ್‌ಶಿಪ್’ ಎಂದೇ ಕರೆಯುತ್ತಾರೆ. ಪೇಡೆ ಹಂಚಬೇಕೋ ಬೇಡವೋ ಎಂಬ ಗೊಂದಲ ಅವರಲ್ಲಿಲ್ಲ. ಎ.ಸಿ. ಆಫೀಸಿನಿಂದ ತಂದ, ನಮ್ಮ ಭಾಗದ ಮೀಸಲಾತಿಯ 371-ಜೆ ಸರ್ಟಿಫಿಕೇಟು ಅಮೆರಿಕದಲ್ಲಿ ನಡೆಯುತ್ತದೋ ಎಂದು ತಮ್ಮ ಕೇಳಿದ. ನಾನು ಉತ್ತರಿಸಲಿಲ್ಲ.

ಮುಂದಿನ ವಾರ ಹುಡುಗನೇ ಬಂದ. “ದೊಡ್ಡಪ್ಪಾ, ಜರ್ಮನಿದೂ ಒಂದು ಸೀಟ್ ಬಂದದ. ಸರ್ಕಾರಿ ಯೂನಿವರ್ಸಿಟಿ, ಫೀನೇ ಇಲ್ಲ.”

“ಮೊದಲೇ ಯಾಕ ಹೇಳಲಿಲ್ಲ?”

“ಅದರಾಗ ಸ್ಕಾಲರ್‌ಶಿಪ್ ಇಲ್ಲಲ್ರಿ.”

ಫೀ ಇಲ್ಲದ ಪತ್ರ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರಲ್ಲಿ ಅಭಿನಂದನೆಯ ಸಾಲಿರಲಿಲ್ಲ. ಆದರೆ ಜರ್ಮನಿಯವರು ವೀಸಾಕ್ಕೆ ಮೊದಲು 11,904 ಯೂರೋ, ಹತ್ತಿರ ಹತ್ತಿರ ಹನ್ನೆರಡು ಲಕ್ಷ, ಒಂದು ಖಾತೆಯಲ್ಲಿಟ್ಟು ಬೀಗ ಹಾಕಿಸುತ್ತಾರೆ; ಅದರಿಂದ ತಿಂಗಳಿಗೆ 992 ಬಿಡುತ್ತಾರೆ. “ನಮ್ ರೊಕ್ಕ ನಮಗೇ ತಿಂಗಳಾ ಕೊಡ್ಲಕ್ ಅವರ್ಯಾರು?” ಎಂದು ತಮ್ಮ ಫೋನಿನಲ್ಲೇ ಸಿಟ್ಟಾದ. ಹದಿನೈದು ಲಕ್ಷ ಸಾಲವೆಂದರೂ ಬಡ್ಡಿ ಸೇರಿ ವರ್ಷಕ್ಕೆ ಮೂವತ್ತೆಂಟು ಕ್ವಿಂಟಲ್. ನೂರಾ ಒಂದಕ್ಕಿಂತ ವಾಸಿ. ಆರೆಕರೆಗೆ ಇನ್ನೂ ಹದಿನಾಲ್ಕು ಕಡಿಮೆ. ತಮ್ಮನ ಹೆಂಡತಿ ಹುಮನಾಬಾದಿನ ವೀರಭದ್ರೇಶ್ವರನಿಗೆ ಹರಕೆ ಹೊತ್ತು, ಹೈದರಾಬಾದಿನ ಹತ್ತಿರದ ಚಿಲುಕೂರಿಗೂ ಹೋಗಿ ವೀಸಾ ಬಾಲಾಜಿಗೆ ಹನ್ನೊಂದು ಸುತ್ತು ಹಾಕಿ ಬಂದಳು. ಅಮೆರಿಕದ ವೀಸಾಕ್ಕೆಂದು ಹಾಕಿದ ಸುತ್ತು ಜರ್ಮನಿಗೆ ನಡೆಯುತ್ತದೆಯೇ ಎಂಬುದು ಈಗ ಅವಳ ಚಿಂತೆ. ವೀಸಾ ಬಂದರೆ 108 ಹಾಕಬೇಕು.

ಏನೇ ಆದರೂ ಮೊತ್ತ ಏಳೂವರೆ ಲಕ್ಷ ದಾಟುವುದರಿಂದ ಪ್ಲಾಟ್ ಬೇಕೇ ಬೇಕು. ಪಾಠಕ್ಕೆ ದಕ್ಷಿಣೆಯಾಗಿ ನಾನು ಸಹಿ ಹಾಕಿದೆ. ಕಿರಿಯ ತಮ್ಮ ಮಾತ್ರ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ನಮ್ಮ ಮನೆತನದಲ್ಲಿ ಯಾರೂ ಮಾಡದ ಕೆಲಸ. ಆಮೇಲೆ ಪೆನ್ನು ತೆರೆದು, ಸಹಿ ಹಾಕಿ, ಬ್ಯಾಂಕಿನವರ ಕಡೆ ತಿರುಗಿದ.

“ನನ್ ಮಗಳು ಪಿಯುಸಿ ಎರಡ್ನೇ ವರ್ಷ ಅದಾಳ್ರಿ. ಈ ಪ್ಲಾಟಿನ ಕಾಗದ ಯಾವಾಗ ಬಿಡ್ತೀರಿ?”